ಪ್ರಕರಣ ಅಧ್ಯಯನ: ವಿಧಾನ ಮತ್ತು ತತ್ತ್ವ
ಬೆಂಗಳೂರಿನ ಕೈಗಾರಿಕಾ ವಲಯಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಬೆಂಗಳೂರಿನ ಹೊರವಲಯದಲ್ಲಿ ಮೂರು ದಿಕ್ಕುಗಳಿಗೆ ಮೂರು ಬಗೆಯ ದುಡಿಮೆಯ ಲೋಕಗಳು ಬೆಳೆದು ನಿಂತಿವೆ. ವಾಯವ್ಯಕ್ಕೆ ತುಮಕೂರು ರಸ್ತೆಯ ಬದಿಯಲ್ಲಿ ಪೀಣ್ಯವಿದೆ. 1953ರಲ್ಲಿ ಎಚ್.ಎಂ.ಟಿ.ಯೂ 1954ರಲ್ಲಿ ಬಿ.ಇ.ಎಲ್. ಸಂಸ್ಥೆಯೂ ತಲೆಯೆತ್ತಿದ ಜಾಲಹಳ್ಳಿಯ ನೆರೆಯಲ್ಲಿಯೇ ಸಣ್ಣ ಯಂತ್ರಾಗಾರಗಳು, ಎರಕದ ಮನೆಗಳು, ಸಿದ್ಧ ಉಡುಪಿನ ಕಾರ್ಖಾನೆಗಳು ಅಲ್ಲಿ ನೆಲೆಯೂರಿದವು. ದಕ್ಷಿಣಕ್ಕೆ ಹೊಸೂರು ರಸ್ತೆಯಲ್ಲಿ, ಕಿಯೋನಿಕ್ಸ್ ಸಂಸ್ಥೆಯನ್ನು ಮೊದಲಿಗೆ ಮುನ್ನಡೆಸಿದ ಆರ್. ಕೆ. ಬಾಳಿಗರ ದೂರದೃಷ್ಟಿಯ ಫಲವಾಗಿ, ಕೋನಪ್ಪನ ಅಗ್ರಹಾರ ಹಾಗೂ ದೊಡ್ಡತೋಗೂರುಗಳ ಹೊಲಗಳಲ್ಲಿ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ಪೂರ್ವಕ್ಕೆ, 1882ರಲ್ಲಿ ಆಂಗ್ಲೋ-ಇಂಡಿಯನ್ನರ ಕೃಷಿ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್ 1990ರ ದಶಕದಿಂದೀಚೆಗೆ ಮಾಹಿತಿ ತಂತ್ರಜ್ಞಾನದ ಬೀಡಾಗಿ ಮಾರ್ಪಟ್ಟಿತು.

ಈ ಮೂರು ನೆಲೆಗಳ ಉತ್ಪಾದನೆ ಎಷ್ಟು, ರಫ್ತು ಎಷ್ಟು, ಅಲ್ಲಿ ದುಡಿಯುವ ಕೈಗಳು ಎಷ್ಟು ಎಂಬ ಪ್ರಶ್ನೆಗಳಿಗೆ ಅಂಕಿ ಅಂಶಗಳು ಉತ್ತರ ಕೊಡಬಲ್ಲವು. ಆದರೆ ನುರಿತ ಕೆಲಸಗಾರನೊಬ್ಬ ಹತ್ತು ವರ್ಷ ದುಡಿದ ಯಂತ್ರಾಗಾರವನ್ನು ಏಕೆ ಬಿಡುತ್ತಾನೆ? ಒಂದೇ ಬಗೆಯ ಯಂತ್ರ, ಒಂದೇ ಬಗೆಯ ಬಂಡವಾಳವಿರುವ ಎರಡು ಸಣ್ಣ ಉದ್ಯಮಗಳಲ್ಲಿ ಒಂದು ಉಳಿದು ಇನ್ನೊಂದು ಅಳಿಯುವುದು ಹೇಗೆ? ಮೇಲಧಿಕಾರಿ ಹೊರಡಿಸಿದ ಸುತ್ತೋಲೆಯೊಂದು ಕೆಳಗಿನ ಮೇಜಿಗೆ ಬರುವಷ್ಟರಲ್ಲಿ ಬೇರೆಯೇ ಅರ್ಥವನ್ನು ತಾಳುವುದೇಕೆ? ‘ಏಕೆ’, ‘ಹೇಗೆ’ ಎಂಬ ಇಂಥ ಪ್ರಶ್ನೆಗಳ ಮುಂದೆ ಕೋಷ್ಟಕಗಳು ಬಹುಮಟ್ಟಿಗೆ ಮೌನವಾಗುತ್ತವೆ. ನಿರ್ವಹಣಾಶಾಸ್ತ್ರದಲ್ಲಿ ಗುಣಾತ್ಮಕ ಸಂಶೋಧನೆ ಎಂದು ಕರೆಯಲಾಗುವ ಶಾಖೆಯ, ಅದರಲ್ಲಿಯೂ ಪ್ರಕರಣ ಅಧ್ಯಯನ ಎಂಬ ವಿಧಾನದ ಅಗತ್ಯ ಕಂಡುಬರುವುದು ಇಲ್ಲಿಯೇ.

ಈ ವಿಷಯವು ಕೇವಲ ವಿಶ್ವವಿದ್ಯಾನಿಲಯದ ಪಂಡಿತರಿಗೆ ಸಂಬಂಧಿಸಿದ್ದಲ್ಲ. ಹಳ್ಳಿಗಾಡಿನಿಂದ ಬಂದು, ಮಠಗಳ ಶಾಲೆಗಳಲ್ಲಿಯೂ ಉಚಿತ ವಿದ್ಯಾರ್ಥಿನಿಲಯಗಳಲ್ಲಿಯೂ ಕಲಿತು, ಕೊನೆಗೆ ಈ ಕೈಗಾರಿಕಾ ವಲಯಗಳ ಬಾಗಿಲಲ್ಲಿ ನಿಲ್ಲುವ ತರುಣ ತರುಣಿಯರು ಅನೇಕರು. ಅವರ ಸಂಬಳ, ಭದ್ರತೆ, ಬಡ್ತಿಗಳನ್ನು ಕುರಿತ ನಿರ್ಧಾರಗಳು, ಅವರನ್ನು ಕುರಿತು ಬಲ್ಲೆವೆಂದುಕೊಂಡವರ ತಿಳಿವಳಿಕೆಯ ಮೇಲೆ ನಿಂತಿವೆ. ಆ ತಿಳಿವಳಿಕೆ ಹೇಗೆ ಬಂತು, ಅದು ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನು ವಿಚಾರಿಸುವುದು ಆದುದರಿಂದ ಎಲ್ಲರ ಹಿತದ ವಿಷಯವಾಗಿದೆ.

ಪ್ರಕರಣ ಎಂದರೇನು?

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಅಮೆರಿಕದ ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ 1920ರ ದಶಕದಿಂದ ನೆಲೆಗೊಂಡ, ಮುಂದೆ 1961ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೂಲಕ ಈ ದೇಶದಲ್ಲಿ ಪ್ರಚಾರಕ್ಕೆ ಬಂದ ‘ಪ್ರಕರಣ ಪದ್ಧತಿ’ ಬೋಧನೆಯ ಒಂದು ಕ್ರಮ. ಯಾವುದೋ ಸಂಸ್ಥೆ ಎದುರಿಸಿದ ಸಮಸ್ಯೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಚರ್ಚೆಗೆ ಹಚ್ಚುವುದು ಅದರ ಉದ್ದೇಶ. ಅಲ್ಲಿ ಪ್ರಕರಣವನ್ನು ಪಾಠಕ್ಕೆ ಒಗ್ಗುವಂತೆ ಅಳವಡಿಸಿಕೊಳ್ಳುವುದು ತಪ್ಪಲ್ಲ. ಸಂಶೋಧನೆಯ ಪ್ರಕರಣ ಅಧ್ಯಯನವಾದರೋ ಬೇರೆಯದು. ಅಲ್ಲಿ ಪುರಾವೆಗಳನ್ನು ಕೂಡಿಸಿ, ತೂಗಿ, ವಿರುದ್ಧವಾದ ಸಾಕ್ಷ್ಯವನ್ನು ಮುಚ್ಚಿಡದೆ, ಒಂದು ತೀರ್ಮಾನವನ್ನು ಪರೀಕ್ಷೆಗೆ ಒಡ್ಡಬೇಕು.

ಈ ವಿಧಾನವನ್ನು ವ್ಯವಸ್ಥಿತವಾಗಿ ನಿರೂಪಿಸಿದ ಗ್ರಂಥಗಳಲ್ಲಿ ರಾಬರ್ಟ್ ಯಿನ್ ಅವರು 1984ರಲ್ಲಿ ಪ್ರಕಟಿಸಿದ ಗ್ರಂಥ ಪ್ರಮುಖವಾದುದು. ವರ್ತಮಾನದ ಒಂದು ವಿದ್ಯಮಾನವನ್ನು ಅದು ನಡೆಯುವ ಸನ್ನಿವೇಶದಿಂದ ಬೇರ್ಪಡಿಸದೆ ಪರಿಶೀಲಿಸುವುದು ಈ ವಿಧಾನದ ಲಕ್ಷಣವೆಂದು ಅವರು ವಿವರಿಸಿದರು. ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಗಾಳಿ, ಬೆಳಕು, ತಾಪಗಳನ್ನು ತನ್ನ ಅಂಕೆಯಲ್ಲಿರಿಸಿಕೊಳ್ಳುತ್ತಾನೆ. ಕಾರ್ಖಾನೆಯಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಲೇತಿನ ಸದ್ದು, ಸೂಪರ್‌ವೈಸರ ಮುಖಭಾವ, ಮನೆಯ ಸಾಲ, ತಪ್ಪಿಹೋದ ಬಸ್ಸು, ಎಲ್ಲವೂ ಕೂಡಿಯೇ ಕೆಲಸದ ಸ್ವರೂಪವನ್ನು ನಿರ್ಣಯಿಸುತ್ತವೆ. ಮುಂದೆ 1989ರಲ್ಲಿ ಕ್ಯಾಥ್ಲೀನ್ ಐಸೆನ್‌ಹಾರ್ಟ್ ಹಲವು ಪ್ರಕರಣಗಳನ್ನು ಹೋಲಿಸಿ ಹೊಸ ಸಿದ್ಧಾಂತವನ್ನು ಕಟ್ಟುವ ಕ್ರಮವನ್ನು ನಿರೂಪಿಸಿದರೆ, 1995ರಲ್ಲಿ ರಾಬರ್ಟ್ ಸ್ಟೇಕ್ ಒಂದೇ ಪ್ರಕರಣವನ್ನು ಅದರ ವೈಶಿಷ್ಟ್ಯಕ್ಕಾಗಿಯೇ ಆಳವಾಗಿ ಅರಿಯುವುದಕ್ಕೂ ಸಮಾನ ಗೌರವವಿದೆ ಎಂದು ಪ್ರತಿಪಾದಿಸಿದರು.

ಒಂದು ನಿದರ್ಶನ

ತತ್ತ್ವವನ್ನು ಅರಿಯಲು ನಿದರ್ಶನವೊಂದು ಬೇಕು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ನೌಕರರ ಭವಿಷ್ಯನಿಧಿಯ ನಿಯಮಗಳಿಗೆ ತಿದ್ದುಪಡಿಯೊಂದನ್ನು ಹೊರಡಿಸಿತು. ಕೆಲಸ ಬಿಟ್ಟ ನೌಕರರು ತಮ್ಮ ಪಾಲಿನ ವಂತಿಗೆಯನ್ನು ಹಿಂಪಡೆಯಬಹುದು, ಆದರೆ ಮಾಲೀಕರು ಸೇರಿಸಿದ ಪಾಲನ್ನು 58 ವರ್ಷ ತುಂಬುವವರೆಗೆ ಪಡೆಯುವಂತಿಲ್ಲ ಎಂಬುದು ಅದರ ಸಾರ. ಏಪ್ರಿಲ್ 18ರಂದು ಹೊಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಕಾರ್ಮಿಕರು ಬೀದಿಗಿಳಿದರು. ಅವರಲ್ಲಿ ಬಹುಪಾಲು ಮಹಿಳೆಯರು. ಮರುದಿನ ಪ್ರತಿಭಟನೆ ಪೀಣ್ಯ, ಜಾಲಹಳ್ಳಿ ಕ್ರಾಸ್‌ಗಳ ಕಡೆಗೂ ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು. ಅದೇ ಏಪ್ರಿಲ್ 19ರಂದು ಕೇಂದ್ರ ಸರ್ಕಾರ ತಿದ್ದುಪಡಿಯನ್ನು ಹಿಂತೆಗೆದುಕೊಂಡಿತು. ಯಾವ ದೊಡ್ಡ ಕಾರ್ಮಿಕ ಸಂಘವೂ ಮುಂಚಿತವಾಗಿ ಕರೆ ಕೊಟ್ಟಿರದ ಈ ಚಳುವಳಿ ಆಡಳಿತವನ್ನೂ ಉದ್ಯಮಿಗಳನ್ನೂ ಒಂದೇ ಸಮನಾಗಿ ಬೆರಗುಗೊಳಿಸಿತು.

ನಿಯಮವನ್ನು ರೂಪಿಸಿದವರ ದೃಷ್ಟಿಯಲ್ಲಿ ಭವಿಷ್ಯನಿಧಿ ವೃದ್ಧಾಪ್ಯದ ಆಸರೆ. ಅದನ್ನು ನಡುವೆಯೇ ಖರ್ಚು ಮಾಡದಂತೆ ಕಾಯುವುದು ಕಾರ್ಮಿಕರ ಹಿತವೇ ಎಂಬುದು ಅವರ ಎಣಿಕೆ. ಕಾಗದದ ಮೇಲೆ ಆ ಎಣಿಕೆಯಲ್ಲಿ ದೋಷವಿರಲಿಲ್ಲ. ಹಾಗಾದರೆ ತಮ್ಮ ಹಿತಕ್ಕೆಂದೇ ಮಾಡಿದ ನಿಯಮದ ವಿರುದ್ಧ ಕಾರ್ಮಿಕರು ಏಕೆ ಸಿಡಿದೆದ್ದರು? ಈ ಪ್ರಶ್ನೆಯನ್ನು ಹಿಡಿದು ಹೊರಡುವ ಸಂಶೋಧಕನು ಯಾವ ತತ್ತ್ವವನ್ನು ಆಶ್ರಯಿಸುತ್ತಾನೆ ಎಂಬುದರ ಮೇಲೆ ಅವನಿಗೆ ದೊರೆಯುವ ಉತ್ತರವೂ ಬೇರೆಯಾಗುತ್ತದೆ.

ಮೂರು ತಾತ್ತ್ವಿಕ ನಿಲುವುಗಳು

ಮೊದಲನೆಯದು ವಸ್ತುನಿಷ್ಠವಾದ. ಸಾಮಾಜಿಕ ಸತ್ಯವೂ ಕಲ್ಲು ಮಣ್ಣುಗಳಂತೆ ನೋಡುವವನಿಂದ ಹೊರಗೆ, ಸ್ವತಂತ್ರವಾಗಿ ಇದೆ. ಅದನ್ನು ಅಳೆಯಬಹುದು, ಕಾರ್ಯಕಾರಣ ನಿಯಮಗಳಿಗೆ ಒಳಪಡಿಸಬಹುದು ಎಂಬುದು ಈ ನಿಲುವು. ಇದನ್ನು ಒಪ್ಪುವವನು ಕಾರ್ಮಿಕರ ಸಂಬಳದ ಮಟ್ಟ, ಕೆಲಸದ ಅವಧಿ, ನಿಧಿಯಿಂದ ಹಣ ಹಿಂಪಡೆದವರ ಪ್ರಮಾಣ, ಪ್ರತಿಭಟನೆಯಲ್ಲಿ ಭಾಗವಹಿಸಿದವರ ಸಂಖ್ಯೆ ಇವುಗಳ ನಡುವಣ ಸಂಬಂಧವನ್ನು ಹುಡುಕುತ್ತಾನೆ. ಇದರಿಂದ ದೊರೆಯುವ ತಿಳಿವಳಿಕೆ ಸಣ್ಣದಲ್ಲ. ಆದರೆ ಕಡಮೆ ಸಂಬಳ ಆ ದಿನಕ್ಕೆ ಹಿಂದೆಯೂ ಇತ್ತು, ಮುಂದೆಯೂ ಇತ್ತು. ಆ ಎರಡು ದಿನಗಳಲ್ಲಿಯೇ ಏಕೆ ಎಂಬುದು ಉಳಿದುಬಿಡುತ್ತದೆ.

ಎರಡನೆಯದು ವ್ಯಾಖ್ಯಾನವಾದ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಬೆಳಸಿದ ವಿಚಾರಧಾರೆಗೆ ಸೇರಿದ ಈ ನಿಲುವಿನಂತೆ, ಮನುಷ್ಯನ ನಡವಳಿಕೆಯನ್ನು ಅರಿಯಬೇಕಾದರೆ ಆ ನಡವಳಿಕೆಗೆ ಅವನೇ ಕೊಡುವ ಅರ್ಥವನ್ನು ಮೊದಲು ಅರಿಯಬೇಕು. ಕಡತದ ಭಾಷೆಯಲ್ಲಿ ‘ಭವಿಷ್ಯನಿಧಿ’ ಎನಿಸಿಕೊಂಡದ್ದು ಹೊಲಿಗೆ ಯಂತ್ರದ ಮುಂದೆ ಕುಳಿತವಳ ಮಾತಿನಲ್ಲಿ ‘ಪಿ.ಎಫ್. ದುಡ್ಡು’. ಮಗಳ ಮದುವೆ, ಮಗನ ಶಾಲೆ, ಊರಿನ ಮನೆಯ ದುರಸ್ತಿ, ಕೈಸಾಲದ ತೀರುವಳಿ, ಇವೇ ಅದರ ಅರ್ಥ. ಕೆಲಸ ಬಿಟ್ಟು ಹಣ ಪಡೆದು ಮತ್ತೊಂದು ಕಾರ್ಖಾನೆಗೆ ಸೇರುವ ರೂಢಿಯೂ ಇದರಿಂದಲೇ ಬೆಳೆದುಬಂದಿತ್ತು. ಗುರಿ ಒಪ್ಪಿಸಲು ಬೆಳಗಿನಿಂದ ಸಂಜೆಯವರೆಗೆ ಹೊಲಿಯುವವಳಿಗೆ 58 ವರ್ಷವೆಂಬುದು, ಆ ಕೆಲಸದಲ್ಲಿ ತಾನು ಎಂದಿಗೂ ಮುಟ್ಟಲಾರದ ವಯಸ್ಸಾಗಿ ತೋರಿದರೆ ಆಶ್ಚರ್ಯವಿಲ್ಲ. ಉಳಿತಾಯದ ರಕ್ಷಣೆಯೆಂದು ಸರ್ಕಾರ ಕಂಡದ್ದು ಅವರಿಗೆ ತಮ್ಮ ದುಡ್ಡಿನ ಅಪಹರಣವಾಗಿ ಕಂಡಿತು. ಈ ಅರ್ಥಭೇದ ಯಾವ ಕೋಷ್ಟಕದ ಕಲಮಿನಲ್ಲಿಯೂ ಇರಲಿಲ್ಲ. ಅವರೊಡನೆ ಕುಳಿತು ಕೇಳಿದವರಿಗೆ ಮಾತ್ರ ಅದು ಗೋಚರವಾಗುತ್ತಿತ್ತು.

ಮೂರನೆಯದು ವಿಮರ್ಶಾತ್ಮಕ ವಾಸ್ತವವಾದ. ರಾಯ್ ಭಾಸ್ಕರ್ 1975ರಲ್ಲಿ ಪ್ರಕಟಿಸಿದ ವಿಜ್ಞಾನತತ್ತ್ವದ ಗ್ರಂಥದಿಂದ ಇದು ಬೆಳೆದು ಬಂದಿತು. ಸತ್ಯಕ್ಕೆ ಪದರಗಳಿವೆ, ಜನರ ಅನುಭವ ಒಂದು ಪದರ, ನಡೆದ ಘಟನೆ ಇನ್ನೊಂದು, ಆ ಘಟನೆಯನ್ನು ಉಂಟುಮಾಡುವ ಕಣ್ಣಿಗೆ ಕಾಣದ ರಚನೆಗಳು ಅದರ ಕೆಳಗಿನ ಪದರ ಎಂಬುದು ಇದರ ತಾತ್ಪರ್ಯ. ಈ ನಿಲುವಿನ ಸಂಶೋಧಕನು ಕಾರ್ಮಿಕರ ಮಾತನ್ನು ಗೌರವದಿಂದ ಕೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಸಂಬಳದಿಂದ ತಿಂಗಳ ಖರ್ಚು ಕಳೆದು ಏನೂ ಉಳಿಯದಿರುವುದು, ಬ್ಯಾಂಕಿನ ಸಾಲ ಸುಲಭವಾಗಿ ದೊರೆಯದಿರುವುದು, ಹೊರದೇಶದ ಖರೀದಿದಾರ ನಿಗದಿಪಡಿಸುವ ದರ ಮತ್ತು ಗಡುವು, ಅಹವಾಲು ಹೇಳಿಕೊಳ್ಳಲು ಕಾರ್ಖಾನೆಯೊಳಗೆ ನಂಬುವಂಥ ದಾರಿ ಇಲ್ಲದಿರುವುದು, ಇವೆಲ್ಲ ಕೂಡಿ ಪಿ.ಎಫ್. ಹಣವನ್ನು ಏಕಮಾತ್ರ ಆಸರೆಯಾಗಿ ಮಾಡಿದುವೇ ಎಂದು ವಿಚಾರಿಸುತ್ತಾನೆ.

ಈ ಮೂರರಲ್ಲಿ ಒಂದು ಮಾತ್ರ ಸರಿ, ಉಳಿದವು ತಪ್ಪು ಎಂದು ತೀರ್ಪು ಕೊಡುವುದು ಅನಗತ್ಯ. ತಾನು ಯಾವ ನಿಲುವಿನಲ್ಲಿ ನಿಂತು ನೋಡುತ್ತಿದ್ದೇನೆಂಬುದನ್ನು ಸಂಶೋಧಕನು ಮೊದಲೇ ಅರಿತಿರಬೇಕು, ಓದುವವರಿಗೂ ತಿಳಿಸಬೇಕು. ನಿಂತ ನೆಲವನ್ನು ಹೇಳದೆ ಕಂಡ ನೋಟವನ್ನು ಮಾತ್ರ ಹೇಳುವವನ ವರದಿ ಅರ್ಧ ವರದಿ.

ಸ್ಥಾಲೀಪುಲಾಕ ನ್ಯಾಯ ಮತ್ತು ಅದರ ಮಿತಿ

ಪ್ರಕರಣ ಅಧ್ಯಯನದ ಮೇಲೆ ಬರುವ ಮುಖ್ಯ ಆಕ್ಷೇಪಣೆ ಒಂದುಂಟು. ಒಂದು ಕಾರ್ಖಾನೆಯನ್ನು ನೋಡಿ ಸಾವಿರ ಕಾರ್ಖಾನೆಗಳ ಬಗೆಗೆ ಹೇಳುವುದು ಹೇಗೆ? ಇದಕ್ಕೆ ನಮ್ಮ ಹಿರಿಯರಲ್ಲಿ ಸ್ಥಾಲೀಪುಲಾಕ ನ್ಯಾಯವೆಂಬ ಮಾತಿದೆ. ಮಡಕೆಯ ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳನ್ನು ಹಿಚುಕಿದರೆ ಸಾಕು.

ಆದರೆ ಈ ನ್ಯಾಯ ಸಲ್ಲುವುದಕ್ಕೆ ಒಂದು ನಿಯಮವಿದೆ. ಎಲ್ಲ ಅಗುಳುಗಳೂ ಒಂದೇ ಮಡಕೆಯಲ್ಲಿ, ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರಬೇಕು. ಪೀಣ್ಯದ ಎಂಟು ಜನರ ಯಂತ್ರಾಗಾರವೂ ವೈಟ್‌ಫೀಲ್ಡಿನ ಸಾವಿರಾರು ಜನರ ಕಛೇರಿಯೂ ಒಂದೇ ಮಡಕೆಯ ಅನ್ನವಲ್ಲ. ಆದುದರಿಂದ ಒಂದರಿಂದ ಇನ್ನೊಂದಕ್ಕೆ ಹಾರುವ ಮುನ್ನ, ಅವೆರಡರಲ್ಲಿ ಸಮಾನವಾದ ಉರಿ ಯಾವುದು, ಬೇರೆಯಾದ ನೀರು ಯಾವುದು ಎಂಬುದನ್ನು ಸಂಶೋಧಕನು ತೋರಿಸಿಕೊಡಬೇಕು. ಯಿನ್ ಅವರು ಮಾಡುವ ಭೇದವೂ ಇದೇ ದಿಕ್ಕಿನದು. ಸಮೀಕ್ಷೆಯು ಮಾದರಿಯಿಂದ ಸಮುದಾಯಕ್ಕೆ ಸಂಖ್ಯೆಯ ಬಲದಿಂದ ಸಾಗುತ್ತದೆ. ಪ್ರಕರಣ ಅಧ್ಯಯನವು ಪ್ರಕರಣದಿಂದ ಸಿದ್ಧಾಂತಕ್ಕೆ ತರ್ಕದ ಬಲದಿಂದ ಸಾಗುತ್ತದೆ. ‘ಎಲ್ಲ ಕಾರ್ಖಾನೆಗಳೂ ಹೀಗೆ’ ಎಂದು ಅದು ಹೇಳುವುದಿಲ್ಲ. ‘ಇಂಥ ಕಾರಣಗಳು ಕೂಡಿದಲ್ಲಿ ಇಂಥದು ಸಂಭವಿಸಬಹುದು’ ಎಂದು ಹೇಳುತ್ತದೆ. ಬೇರೊಂದು ಪ್ರಕರಣದಲ್ಲಿ ಅದು ಸುಳ್ಳಾದರೆ ಸಿದ್ಧಾಂತವನ್ನು ತಿದ್ದಿಕೊಳ್ಳುತ್ತದೆ.

ಕೋಟೆಯಿಂದ ಇಳಿಜಾರಿಗೆ

ತಿದ್ದಿಕೊಳ್ಳುವ ಈ ಗುಣಕ್ಕೆ ಬೆಂಗಳೂರಿನಲ್ಲಿಯೇ ಒಂದು ಉಜ್ವಲ ದೃಷ್ಟಾಂತವಿದೆ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರೋಮ್ 1970ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದು, ನಗರದ ನಾಲ್ಕು ಕಾರ್ಖಾನೆಗಳ ಕಾರ್ಮಿಕರ ಜೀವನವನ್ನು ಅಭ್ಯಾಸ ಮಾಡಿದರು. ಅವರ ಬಾಳಿನ ಕಥೆ, ಕೆಲಸ ಸಿಕ್ಕ ಬಗೆ, ಮನೆತನ, ಆಸೆ, ಭಯಗಳನ್ನು ಕೇಳಿ ಬರೆದುಕೊಂಡರು. ದಕ್ಷಿಣ ಭಾರತದ ಕಾರ್ಖಾನೆ ಕಾರ್ಮಿಕರನ್ನು ಕುರಿತ ಅವರ ಗ್ರಂಥ 1976ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಕಾಯಂ ಕೆಲಸವನ್ನು ಒಂದು ಕೋಟೆಗೆ ಹೋಲಿಸಿದರು. ಒಳಹೊಕ್ಕವನಿಗೆ ಭದ್ರತೆ, ಹೊರಗೆ ಉಳಿದವನಿಗೆ ಅನಿಶ್ಚಯ, ನಡುವೆ ಎತ್ತರದ ಗೋಡೆ.

ಉಪಮೆ ಆಕರ್ಷಕವಾಗಿತ್ತು. ಆದರೆ ಹೋಮ್‌ಸ್ಟ್ರೋಮ್ ಅದರಲ್ಲಿಯೇ ತೃಪ್ತರಾಗಲಿಲ್ಲ. ಮುಂದೆ ಇತರ ನಗರಗಳಲ್ಲಿಯೂ ಅಧ್ಯಯನ ನಡೆಸಿ, ಸಣ್ಣ ಉದ್ಯಮಗಳನ್ನೂ ಹಂಗಾಮಿ ಕೆಲಸಗಾರರನ್ನೂ ಗಮನಿಸಿ, 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಮ್ಮ ಹಳೆಯ ಚಿತ್ರವನ್ನು ತಾವೇ ತಿದ್ದಿಕೊಂಡರು. ಅಲ್ಲಿರುವುದು ಕೋಟೆಯ ಗೋಡೆಯಲ್ಲ, ಬೆಟ್ಟದ ಇಳಿಜಾರು. ಎಲ್ಲರೂ ಅದರ ಮೇಲೆ ಎಲ್ಲಿಯೋ ಒಂದು ಕಡೆ ಇದ್ದಾರೆ ಎಂಬುದು ಅವರ ಹೊಸ ನಿರೂಪಣೆ. ಮತ್ತೆ 1994ರಲ್ಲಿ, ಪರಸ್ಪರ ಅವಲಂಬಿಸಿ ದುಡಿಯುವ ಸಣ್ಣ ಉದ್ಯಮಗಳ ನೆಲೆಯಾಗಿ ಬೆಂಗಳೂರನ್ನು ಒಂದು ‘ಕೈಗಾರಿಕಾ ಜಿಲ್ಲೆ’ ಎನ್ನಬಹುದೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು.

ಇದು ಕೇವಲ ಉಪಮೆಯ ಬದಲಾವಣೆಯಲ್ಲ. ಗೋಡೆಯಿದೆಯೆಂದು ನಂಬಿದವನು ಒಳಗಿನ ಕಾರ್ಮಿಕನ ಸವಲತ್ತೇ ಹೊರಗಿನವನ ಕಷ್ಟಕ್ಕೆ ಕಾರಣವೆಂದು ಭಾವಿಸಿ, ಆ ಸವಲತ್ತನ್ನು ಕಡಮೆ ಮಾಡುವ ನೀತಿಯತ್ತ ಒಲಿಯಬಹುದು. ಇಳಿಜಾರಿದೆಯೆಂದು ಅರಿತವನು ಕೆಳಗಿನವನು ಒಂದು ಹೆಜ್ಜೆ ಮೇಲೇರುವ ದಾರಿಯನ್ನು ಯೋಚಿಸಬಹುದು. ಸಂಶೋಧಕನ ಒಂದು ಚಿತ್ರದಿಂದ ಸಾವಿರಾರು ಸಂಸಾರಗಳ ಪಾಡು ಬೇರೆಯಾಗಬಲ್ಲದು. ಆದುದರಿಂದಲೇ ಮತ್ತೆ ಹೋಗಿ ನೋಡುವುದು, ತಪ್ಪಿದ್ದರೆ ಬಹಿರಂಗವಾಗಿ ಒಪ್ಪಿಕೊಳ್ಳುವುದು ಈ ವಿಧಾನದಲ್ಲಿ ವಿನಯದ ಅಲಂಕಾರವಲ್ಲ, ಅದರ ಪ್ರಾಣ.

ಗಾಜಿನ ಕಟ್ಟಡಗಳ ಒಳಗೆ

ಯಂತ್ರಾಗಾರಕ್ಕೆ ಸಲ್ಲುವ ವಿಧಾನ ಗಣಕಯಂತ್ರದ ಕಛೇರಿಗೂ ಸಲ್ಲುವುದೇ? 2000ದ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರೊಲ್ ಉಪಾಧ್ಯ ಮತ್ತು ಎ. ಆರ್. ವಾಸವಿ ಅವರು ಮಾಹಿತಿ ತಂತ್ರಜ್ಞಾನ ಉದ್ಯಮದ ದುಡಿಮೆ ಮತ್ತು ಸಂಸ್ಕೃತಿಯನ್ನು ಕುರಿತು ನಡೆಸಿದ ಅಧ್ಯಯನ ಈ ಪ್ರಶ್ನೆಗೆ ಉತ್ತರವನ್ನು ಒದಗಿಸಿದೆ. ಅವರ ಸಂಪಾದಕತ್ವದ ಗ್ರಂಥ 2008ರಲ್ಲಿಯೂ, ಉಪಾಧ್ಯ ಅವರ ಸ್ವತಂತ್ರ ಗ್ರಂಥ 2016ರಲ್ಲಿಯೂ ಹೊರಬಂದವು.

ಮೇಲು ಕೀಳುಗಳಿಲ್ಲದ, ಸ್ವಂತ ಉಪಕ್ರಮಕ್ಕೆ ಎಡೆಯಿರುವ ಮುಕ್ತ ವಾತಾವರಣ ಎಂದು ಉದ್ಯಮವು ತನ್ನನ್ನು ವರ್ಣಿಸಿಕೊಳ್ಳುತ್ತಿತ್ತು. ಒಳಗಿನವರೊಡನೆ ಮಾತನಾಡಿದಾಗ, ಆ ಮುಕ್ತತೆಯ ಜೊತೆಗೇ ಗಳಿಗೆ ಗಳಿಗೆಯ ಲೆಕ್ಕವೂ ನಿಕಟವಾದ ನಿಗಾವಣೆಯೂ ಇರುವುದು ಕಂಡುಬಂದಿತು. ನೇಮಕಾತಿ ಕೇವಲ ಅರ್ಹತೆಯನ್ನು ಅವಲಂಬಿಸಿದೆ ಎಂಬ ಮಾತಿದ್ದರೂ, ಕೆಲಸ ಪಡೆದವರು ಬಹುಪಾಲು ನಗರದ ಮಧ್ಯಮ ವರ್ಗದ, ಮೊದಲೇ ವಿದ್ಯೆ ಪಡೆದ ಮನೆತನಗಳವರು ಎಂಬುದೂ ಗೊತ್ತಾಯಿತು. ‘ಸಂವಹನ ಕೌಶಲ’ ಎಂಬ ನಿರಪಾಯವಾಗಿ ತೋರುವ ಮಾತಿನ ಹಿಂದೆ ಇಂಗ್ಲಿಷಿನ ಉಚ್ಚಾರ, ನಡೆನುಡಿ, ಸಲಿಗೆಗಳ ಒಂದು ಜರಡಿಯೇ ಇದೆ.

ಗ್ರಾಮೀಣ ಭಾಗದ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳುವ ಅಧ್ಯಾಪಕರಿಗೆ ಈ ತಿಳಿವಳಿಕೆ ಎಷ್ಟು ಮುಖ್ಯವೆಂಬುದನ್ನು ಹೇಳಬೇಕಾಗಿಲ್ಲ. ಸಂದರ್ಶನದಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿ ತನ್ನಲ್ಲಿ ಬುದ್ಧಿ ಸಾಲದೆಂದು ಕೊರಗುತ್ತಾನೆ. ಅವನನ್ನು ತಡೆದದ್ದು ಬುದ್ಧಿಯ ಕೊರತೆಯೋ ಜರಡಿಯ ಕಣ್ಣೋ ಎಂಬುದನ್ನು ನೇಮಕವಾದವರ ಒಟ್ಟು ಸಂಖ್ಯೆ ತಿಳಿಸಲಾರದು.

ಸಂಶೋಧಕನ ಧರ್ಮ

ಈ ವಿಧಾನ ಸುಲಭವೆಂದು ಯಾರೂ ತಿಳಿಯಬಾರದು. ನಾಲ್ಕು ಜನರೊಡನೆ ಮಾತನಾಡಿ ಬರೆದ ಲೇಖನ ಪ್ರಕರಣ ಅಧ್ಯಯನವಾಗುವುದಿಲ್ಲ. ಮೊದಲು ಪ್ರಕರಣದ ಎಲ್ಲೆಯನ್ನು ಗುರುತಿಸಬೇಕು. ಕಾರ್ಖಾನೆಯೇ ಪ್ರಕರಣವೋ, ಅಲ್ಲಿಯ ಒಂದು ವಿಭಾಗವೋ, ಆ ಎರಡು ದಿನಗಳ ಪ್ರತಿಭಟನೆಯೋ? ಒಂದು ಮೂಲದ ಮಾತನ್ನು ಇನ್ನೊಂದು ಮೂಲದಿಂದ ಒರೆಗೆ ಹಚ್ಚಬೇಕು. ಹಾಜರಿ ಪುಸ್ತಕ, ಸಂಬಳದ ಚೀಟಿ, ಸೂಚನಾ ಫಲಕದ ಪ್ರಕಟಣೆ, ಮಾಲೀಕರ ಹೇಳಿಕೆ, ಕೆಲಸಗಾರರ ಮಾತು, ಸಂಶೋಧಕನು ಕಣ್ಣಾರೆ ಕಂಡದ್ದು, ಇವು ಒಂದಕ್ಕೊಂದು ಹೊಂದದಿದ್ದಾಗ ಆ ಹೊಂದದಿರುವಿಕೆಯೇ ಅಮೂಲ್ಯವಾದ ಸುಳಿವಾಗುತ್ತದೆ. ತನ್ನ ತೀರ್ಮಾನಕ್ಕೆ ಎದುರಾದ ವಿವರಣೆಯನ್ನೂ ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸಬೇಕು. ಕಛೇರಿಯ ಕೋಣೆಯಲ್ಲಿ ವ್ಯವಸ್ಥಾಪಕರು ಆರಿಸಿ ಕಳುಹಿಸಿದವರ ಮಾತು ಒಂದು, ಶಿಫ್ಟು ಮುಗಿದ ಮೇಲೆ ಚಹದ ಅಂಗಡಿಯ ಮುಂದಿನ ಮಾತು ಇನ್ನೊಂದು ಎಂಬುದು ನೆನಪಿರಬೇಕು.

ಇದಕ್ಕೆ ಬೇಕಾದ ತಾಳ್ಮೆಗೆ ಎಂ. ಎನ್. ಶ್ರೀನಿವಾಸರ ಜೀವನವೇ ಸಾಕ್ಷಿ. ಮೈಸೂರಿನಲ್ಲಿ ಹುಟ್ಟಿದ ಈ ಸಮಾಜಶಾಸ್ತ್ರಜ್ಞರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆನಿಂತು ಅಧ್ಯಯನ ಮಾಡಿದರು. ವರ್ಷಗಳ ಕಾಲ ಪರಿಷ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಆಹುತಿಯಾದವು. ಅವರು ಎದೆಗುಂದದೆ ನೆನಪಿನ ಬಲದಿಂದಲೇ ಬರೆದ ಗ್ರಂಥ 1976ರಲ್ಲಿ ಹೊರಬಂದಿತು. ಟಿಪ್ಪಣಿ ಸುಟ್ಟರೂ ಉಳಿಯುವಷ್ಟು ಆಳವಾಗಿ ಜನರ ನಡುವೆ ಬಾಳಿದವರಿಗೆ ಮಾತ್ರ ಇದು ಸಾಧ್ಯ.

ಇನ್ನೊಂದು ಹೊಣೆ ನಂಬಿಕೆಯದು. ಸಾವಿರ ಜನರ ಸಮೀಕ್ಷೆಯಲ್ಲಿ ಒಬ್ಬನ ಉತ್ತರ ಮರೆಯಾಗುತ್ತದೆ. ಎಂಟು ಜನರ ಯಂತ್ರಾಗಾರದಲ್ಲಿ ಹೆಸರನ್ನು ಬಿಟ್ಟರೂ ‘ಹಿರಿಯ ಟರ್ನರ್’ ಎಂದಷ್ಟು ಬರೆದರೆ ಯಾರೆಂಬುದು ಮಾಲೀಕನಿಗೆ ಗೊತ್ತಾಗುತ್ತದೆ. ನಂಬಿ ಹೇಳಿದವನ ಅನ್ನಕ್ಕೆ ಕಲ್ಲು ಹಾಕಿ ಪಡೆದ ಜ್ಞಾನ ಜ್ಞಾನವೆನಿಸದು.

ಉಪಸಂಹಾರ

ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನ ಈ ನಾಡಿಗೆ ಹೊಸದಲ್ಲ. ಮಡಿವಾಳ, ಅಂಬಿಗ, ಹಗ್ಗ ಹೊಸೆಯುವ ನುಲಿಯ ಕಾಯಕದವರು ಅನುಭವ ಮಂಟಪದಲ್ಲಿ ಕುಳಿತು ತಮ್ಮ ತಮ್ಮ ದುಡಿಮೆಯಿಂದ ದೊರೆತ ಅರಿವನ್ನೇ ಮುಂದಿಟ್ಟರೆಂಬ ಪರಂಪರೆ ಇಲ್ಲಿಯದು. ಅವರ ಉದ್ದೇಶ ಪಾರಮಾರ್ಥಿಕ; ಅದನ್ನು ಆಧುನಿಕ ಸಂಶೋಧನಾ ವಿಧಾನವೆಂದು ಕರೆಯುವುದು ಸಲ್ಲದು. ಆದರೆ ದುಡಿಯುವವನ ಅನುಭವಕ್ಕೆ ಜ್ಞಾನದ ಬೆಲೆಯಿದೆ ಎಂಬ ಆ ನಿಲುವನ್ನು ನೆನೆದ ಮನಸ್ಸಿಗೆ ಈ ವಿಧಾನದ ತತ್ತ್ವ ಅಪರಿಚಿತವೆನಿಸಲಾರದು.

ದೊಡ್ಡ ಸಂಸ್ಥೆಗಳು ತಮ್ಮ ಚರಿತ್ರೆಯನ್ನು ತಾವೇ ಬರೆಸಿಕೊಳ್ಳುತ್ತವೆ. ಪೀಣ್ಯದ ಸಣ್ಣ ಯಂತ್ರಾಗಾರಗಳಿಗೆ ಆ ಭಾಗ್ಯವಿಲ್ಲ. ಷಟರ್ ಎಳೆದ ದಿನ ಅವುಗಳ ಕಡತಗಳು ರದ್ದಿಯ ತಕ್ಕಡಿಗೆ ಹೋಗುತ್ತವೆ, ಕೆಲಸಗಾರರು ಚದುರಿಹೋಗುತ್ತಾರೆ. ಅಲ್ಲಿ ಉದ್ಯಮ ನಡೆಸುವ ಹಳೆಯ ವಿದ್ಯಾರ್ಥಿಗಳು ತಮ್ಮ ಮೊದಲ ಲೆಕ್ಕದ ಪುಸ್ತಕ, ಹಾಜರಿ ಪುಸ್ತಕ, ಪತ್ರವ್ಯವಹಾರಗಳನ್ನು ಜೋಪಾನವಾಗಿ ಇರಿಸಬಹುದು. ಪ್ರೌಢಶಾಲೆಯ ಅಧ್ಯಾಪಕರು ರಜೆಯಲ್ಲಿ ಪ್ರತಿ ವಿದ್ಯಾರ್ಥಿಯಿಂದ, ತನ್ನ ಮನೆಯಲ್ಲಿಯೋ ಬೀದಿಯಲ್ಲಿಯೋ ದುಡಿಯುವ ಒಬ್ಬರ ಕೆಲಸದ ಬದುಕನ್ನು ಅವರದೇ ಮಾತಿನಲ್ಲಿ ಕೇಳಿಸಿ, ಒಪ್ಪಿಗೆ ಪಡೆದು ಬರೆಯಿಸಬಹುದು. ಹೀಗೆ ಕೇಳುವುದನ್ನು ಕಲಿತ ಮಕ್ಕಳಲ್ಲಿ ಕೆಲವರು ನಾಳೆ ಕಾರ್ಖಾನೆಗಳ, ಕಛೇರಿಗಳ ಮೇಲ್ವಿಚಾರಕರಾಗುತ್ತಾರೆ. ಸುತ್ತೋಲೆಯೊಂದಕ್ಕೆ ಸಹಿ ಹಾಕುವ ಮುನ್ನ ಅವರು ಒಮ್ಮೆ ಕೆಳಗಿಳಿದು ಹೋಗಿ ವಿಚಾರಿಸುವಂತಾದರೆ, ಶಾಲೆ ಕಲಿಸಿದ ವಿದ್ಯೆ ಸಾರ್ಥಕವಾದಂತೆ.